ಉಜ್ಜಿದ ಬೆಳ್ಳಿ

ನಾಣ್ಯ ಉಜ್ಜುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಳೆಯ, ಅಪರೂಪದ ನಾಣ್ಯಗಳಿಗೆ ಬೆಲೆ ಕಟ್ಟುವುದು ನನ್ನ ಕೆಲಸ. ವಿಮೆ ಕಂಪನಿಯವರು ಹೇಳಿದ ಮನೆಗೆ ಹೋಗಿ, ಒಂದೊಂದನ್ನೂ ನೋಡಿ, ನಾಳೆ ಇದು ಕಳುವಾದರೆ ಇಂಥದ್ದೇ ಇನ್ನೊಂದನ್ನು ಕೊಳ್ಳಲು ಎಷ್ಟು ಬೇಕಾದೀತು ಎಂದು ಬರೆದು ಸಹಿ ಹಾಕುತ್ತೇನೆ. ಹಳೆಯ ಬೆಳ್ಳಿ ಪೆಟ್ಟಿಗೆಯಲ್ಲಿ ತನ್ನ ಪಾಡಿಗೆ ತಾನು ಮಲಗಿ ನಿಧಾನಕ್ಕೆ ಕಪ್ಪಗಾಗಿರುತ್ತದೆ. ಬೆಲೆಯೆಲ್ಲ ಇರುವುದು ಆ ಕಪ್ಪಿನಲ್ಲೇ. ನೆಂಟರಿಗೆ ತೋರಿಸಬೇಕೆಂದು ಯಾರೋ ಪುಣ್ಯಾತ್ಮರು ಅದನ್ನು ಹಲ್ಲುಪುಡಿ ಹಾಕಿ ತಿಕ್ಕುತ್ತಾರೆ. ತಿಕ್ಕಿದ್ದಲ್ಲದೆ ನನ್ನ ಮುಂದೆ ಹಿಡಿದು, "ಎಷ್ಟು ಚೆನ್ನಾಗಿ ಹೊಳೀತಿದೆ ನೋಡಿ ಮೇಡಂ" ಅನ್ನುತ್ತಾರೆ. ಆಗ ಬಾಯಿಗೆ ಬಂದದ್ದನ್ನು ನುಂಗಿಕೊಳ್ಳುವುದೂ ನನ್ನ ಕೆಲಸದ ಒಂದು ಭಾಗ.

ಹಲ್ಲಿನ ಡಾಕ್ಟರರ ಮನೆಗೆ ನಾನು ಹೋಗಬೇಕಾಗಿದ್ದು ಮುಂದಿನ ತಿಂಗಳು. ಈ ವಾರವೇ ಆಗಬೇಕೆಂದು ಅವರು ಪಟ್ಟು ಹಿಡಿದಿದ್ದಾರೆ ಎಂದು ಕಂಪನಿಯ ಗುಮಾಸ್ತ ಫೋನ್ ಮಾಡಿದ. ಮೂವತ್ತು ಚಿಲ್ಲರೆ ನಾಣ್ಯಗಳಿಗೆ ಇದೆಂಥ ಅವಸರ ಎಂದು ಗೊಣಗುತ್ತಲೇ ಹೋದೆ.

ಮನೆಯ ಮುಂದಿನ ಕೋಣೆಯೇ ಹಿಂದೆ ಅವರ ದವಾಖಾನೆಯಾಗಿತ್ತು. ಡಾಕ್ಟರು ಕೆಲಸ ನಿಲ್ಲಿಸಿ ವರ್ಷಗಳಾಗಿದ್ದರೂ ರೋಗಿಗಳು ಒರಗುವ ಕುರ್ಚಿ, ಅದರ ಮೇಲೆ ಬಾಗಿದ ದೊಡ್ಡ ದೀಪ, ಬಾಯಿ ಮುಕ್ಕಳಿಸುವ ಸಣ್ಣ ಬೋಗುಣಿ ಎಲ್ಲ ಇದ್ದಲ್ಲೇ ಇದ್ದವು. ಬಾಗಿಲು ತೆಗೆದ ಡಾಕ್ಟರು ಉದ್ದನೆಯ ಮನುಷ್ಯ. ಅಂಗಿ ಇನ್ಯಾರದ್ದೋ ಅನ್ನುವಷ್ಟು ಸೊರಗಿದ್ದರು.

"ನೀವು ನಿಮ್ಮ ಪಾಡಿಗೆ ನೋಡಿ ಮೇಡಂ. ನಾನಿದ್ರೆ ಸುಮ್ನೆ ಮಧ್ಯೆ ಬಾಯಿ ಹಾಕ್ತೀನಿ. ಒಂದು ಸುತ್ತು ನಡೆದು ಬರ್ತೀನಿ" ಎಂದರು. ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಆಮೇಲೆ ನಿಮ್ಮನ್ನ ಒಂದು ಮಾತು ಕೇಳೋದಿದೆ" ಎಂದು ಹೊರಟುಹೋದರು.

ಅವರ ಹೆಂಡತಿ ಒಂದು ಮರದ ಪೆಟ್ಟಿಗೆ ತಂದಿಟ್ಟು ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಕೂತರು. ಗಂಡನ ದವಾಖಾನೆಯಲ್ಲಿ ಕೊನೆಯವರೆಗೂ ಸಹಾಯಕಿಯಾಗಿದ್ದವರು ಅವರೇ ಎಂದು ಆ ಕೂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ನಾನು ಕೇಳುವ ಮೊದಲೇ ದೀಪ ಹಾಕಿ, ಸಲಕರಣೆಯ ತಟ್ಟೆಯನ್ನು ನನ್ನ ಕೈಯಳತೆಗೆ ಎಳೆದುಕೊಟ್ಟರು. ಮುಖ ಮಾತ್ರ ಬಿಳಿಚಿಕೊಂಡಿತ್ತು.

ಮೊದಲ ನಾಣ್ಯವನ್ನು ಅಂಚಿನಲ್ಲಿ ಹಿಡಿದು ದೀಪದ ಕೆಳಗೆ ಓರೆ ಮಾಡಿದೆ. ಕನ್ನಡಿಯ ಹಾಗೆ ಹೊಳೆಯಿತು. ಭೂತಗನ್ನಡಿ ಹಿಡಿದರೆ ಮೈತುಂಬ ಸುರುಳಿ ಸುರುಳಿ ಗೀರು. ರಾಜನ ಕೆನ್ನೆ ಸವೆದಿತ್ತು, ಅಕ್ಷರಗಳ ಅಂಚು ಮೊಂಡಾಗಿತ್ತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಇದು ಬಟ್ಟೆಯಿಂದ ತಿಕ್ಕಿದ್ದಲ್ಲ, ಯಂತ್ರದ ಕೆಲಸ. ತಲೆಯೆತ್ತಿದರೆ ಅದು ಎದುರಿಗೇ ನೇತಾಡುತ್ತಿತ್ತು. ಹಲ್ಲಿಗೆ ಪಾಲಿಶ್ ಮಾಡುವ ಮೋಟಾರು, ತುದಿಯಲ್ಲಿ ಪುಟ್ಟ ರಬ್ಬರ್ ಬಟ್ಟಲು.

"ಯಾರ್ರೀ ಇದನ್ನ ಉಜ್ಜಿದ್ದು?" ನನ್ನ ದನಿ ಏರಿಯೇಬಿಟ್ಟಿತ್ತು.

"ಮೆಲ್ಲಗೆ, ಮೆಲ್ಲಗೆ" ಎನ್ನುತ್ತಾ ಆಕೆ ಎದ್ದು ಕಿಟಕಿ ಮುಚ್ಚಿದರು. "ನಾನೇ. ಅವರಿಗೆ ಗೊತ್ತಿಲ್ಲ."

ಆಮೇಲೆ ಒಂದೇ ಉಸಿರಿಗೆ ಹೇಳಿದರು. ಡಾಕ್ಟರರ ನಾಲಿಗೆಯ ಅಡಿಯಲ್ಲಿ ಒಂದು ಬಿಳಿ ಮಚ್ಚೆ ಎದ್ದಿತ್ತಂತೆ. ಜೀವಮಾನವೆಲ್ಲ ಬೇರೆಯವರ ಬಾಯಿ ನೋಡಿದ ಮನುಷ್ಯ. ಅದು ಏನಿರಬಹುದೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಪರೀಕ್ಷೆ ಮಾಡಿದ ಅವರ ಹಳೆಯ ಶಿಷ್ಯನೇ ಫೋನ್ ಮಾಡಿ, ಏನೂ ಇಲ್ಲ, ಗಾಬರಿ ಬೇಡ ಎಂದ. ಫೋನ್ ಎತ್ತಿದ್ದು ಈಕೆ.

"ಅವರು ಸ್ನಾನಕ್ಕೆ ಹೋಗಿದ್ರು. ಬಾಗಿಲ ಹೊರಗಿಂದಾನೇ ಕೂಗಿ ಹೇಳ್ದೆ. ಆಮೇಲೆ ಅವರು ಮಲಗಿದ್ರು, ನಂಗೆ ಖುಷಿಗೆ ಏನು ಮಾಡ್ಬೇಕೋ ತೋಚ್ಲಿಲ್ಲ ಮೇಡಂ. ಅವರಿಗೆ ಇಷ್ಟವಾದದ್ದು ಏನಾದ್ರೂ ಮಾಡೋಣ ಅಂತ ಇದನ್ನೆಲ್ಲ ತೆಗೆದು ಕೂತೆ. ನಂಗೆ ಬರೋದು ಅದೊಂದೇ ತಾನೆ? ಎಷ್ಟು ಜನರ ಹಲ್ಲು ಬೆಳ್ಳಗೆ ಮಾಡಿದೀನಿ." ಮೂಗು ಒರೆಸಿಕೊಂಡರು. "ಮಾರನೇ ದಿನ ನಿಮ್ಮ ಕಂಪನಿಯವರು ಫೋನ್ ಮಾಡಿ, ನಾಣ್ಯ ಒರೆಸೋದು ತೊಳೆಯೋದು ಏನೂ ಮಾಡ್ಬೇಡಿ, ಬೆಲೆ ಹೋಗತ್ತೆ ಅಂದ್ರು. ಅವತ್ತಿಂದ ಅನ್ನ ಗಂಟಲಲ್ಲಿ ಇಳೀತಿಲ್ಲ. ಅವರ ಪುಣ್ಯವೋ ನನ್ನ ಪುಣ್ಯವೋ, ದಿನಾ ತೆಗೀತಿದ್ದೋರು ಈಗ ಈ ಪೆಟ್ಟಿಗೇನೇ ಮುಟ್ಟಿಲ್ಲ."

ಇಂಥವರನ್ನು ಬೈಯುವುದು ಹೇಗೆ?

"ಚೆನ್ನಾಗಿದೆ ಅಂತ ಬರೆದುಬಿಡಿ" ಎಂದು ನನ್ನ ಕೈ ಹಿಡಿದುಕೊಂಡರು. "ಅವರು ಕಳೆದುಕೊಳ್ಳೋದೇನಿದೆ? ಪೆಟ್ಟಿಗೆ ಮನೇಲೇ ಇರತ್ತೆ. ಮೊನ್ನೆ ತಾನೆ ಅಂಥ ಭಯದಿಂದ ಎದ್ದಿದಾರೆ, ಈಗ ಇದನ್ನ ಕೇಳಿದ್ರೆ ಕುಸಿದುಬಿಡ್ತಾರೆ."

"ಅಮ್ಮ, ಅದೊಂದು ನನ್ನಿಂದ ಆಗಲ್ಲ" ಎಂದೆ. "ನಾಳೆ ಇದು ಕಳುವಾದ್ರೆ ನನ್ನ ಮಾತು ನಂಬಿ ಕಂಪನಿಯವರು ದುಡ್ಡು ಕೊಡಬೇಕು. ಇದ್ದದ್ದು ಇದ್ದ ಹಾಗೆ ಬರೀತೀನಿ. ನೀವೇ ಡಾಕ್ಟರಿಗೆ ಹೇಳಿಬಿಡಿ, ನಾನು ಇಲ್ಲೇ ಇರ್ತೀನಿ."

ಆಕೆ ಆಗದು ಎಂಬಂತೆ ತಲೆಯಾಡಿಸುತ್ತಾ ಕೂತುಬಿಟ್ಟರು. ನಾನು ಉಳಿದವನ್ನೂ ನೋಡುತ್ತಾ ಹೋದೆ. ಒಂದನ್ನೂ ಬಿಟ್ಟಿರಲಿಲ್ಲ ಮಹಾತಾಯಿ, ಅಷ್ಟು ಶ್ರದ್ಧೆ. ಹಳೆಯ ವಿಮೆಯ ಪತ್ರದ ಜೊತೆ ತಾಳೆ ನೋಡಿದಾಗ ಒಂದು ಕಡಿಮೆ ಬಂತು. ಒಂದೇ ಮಳೆಗಾಲ ಆಳಿ ಸತ್ತ ರಾಜನೊಬ್ಬನ ದಪ್ಪ ಬೆಳ್ಳಿ ನಾಣ್ಯ. ಉಳಿದವೆಲ್ಲ ಸೇರಿದರೂ ಅದರ ಅರ್ಧಕ್ಕೆ ಬರುತ್ತಿರಲಿಲ್ಲ.

"ದಪ್ಪದ್ದು ಒಂದಿತ್ತಲ್ಲ, ಎಲ್ಲಿ?"

"ಆ ಕರೀದಾ?" ಆಕೆ ಹತ್ತಿಯ ಉಂಡೆ ತುಂಬಿಡುವ ಗಾಜಿನ ಜಾಡಿಗೆ ಕೈಹಾಕಿದರು. "ಅದು ಪೂರ್ತಿ ಕೆಟ್ಟುಹೋಗಿತ್ತು ಮೇಡಂ. ಕೆಲವು ಹಲ್ಲು ಹಾಗೇ, ಏನು ಮಾಡಿದ್ರೂ ಉಳಿಯಲ್ಲ, ಕೀಳೋದೇ. ನೋಡಿದ ಕೂಡ್ಲೇ ಕೈಬಿಟ್ಟೆ."

ಹತ್ತಿ ಬಿಡಿಸಿ ದೀಪಕ್ಕೆ ಹಿಡಿದೆ. ಒಂದು ಗೀರೂ ಇರಲಿಲ್ಲ. ಮೇಲೆ ಕಪ್ಪು, ಓರೆ ಮಾಡಿದರೆ ಅಂಚಿನಲ್ಲಿ ನೀಲಿ, ಆಮೇಲೆ ತೆಳ್ಳನೆಯ ಕೆಂಪು. ಇದಕ್ಕೆ ಎಂಥ ಬೆಲೆ ಬರೆಯುತ್ತೇನೆಂದು ನಾನು ಹೇಳಿದಾಗ ಆಕೆಯ ಮುಖಕ್ಕೆ ಅಷ್ಟೋ ಇಷ್ಟೋ ರಕ್ತ ಬಂತು. ನನಗೂ ಹೋದ ಜೀವ ಬಂದಂತಾಯಿತು. ಆದರೂ ಹೇಳುವ ಕೆಲಸ ಹಾಗೇ ಉಳಿದಿತ್ತು, ಅಷ್ಟರಲ್ಲಿ ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು.

ಡಾಕ್ಟರು ಒಳಗೆ ಬಂದವರು ತಟ್ಟೆಯ ಕಡೆ ಕಣ್ಣೂ ಹಾಯಿಸಲಿಲ್ಲ. ನೇರ ನನ್ನನ್ನೇ ಕೇಳಿದರು.

"ವಿಮೆಗೆ ಬರೆಯೋ ಬೆಲೆ ಬೇಡ ಮೇಡಂ. ಅದು ಅಂಗಡಿಯಿಂದ ಕೊಳ್ಳೋ ಬೆಲೆ ಅಂತ ಗೊತ್ತು. ಮಾರಿದ್ರೆ ಎಷ್ಟು ಬರತ್ತೆ? ಒಬ್ಬಳೇ ಹೆಂಗಸು, ವ್ಯಾಪಾರ ಗೊತ್ತಿಲ್ಲದೋಳು ಮಾರೋಕೆ ಹೋದ್ರೆ?"

ಹೆಂಡತಿ ಅಲ್ಲೇ ಇದ್ದಾರೆ, ಅವರ ಮುಂದೆಯೇ ಇದೆಂಥ ಪ್ರಶ್ನೆ ಎಂದು ನಾನು ತಡವರಿಸಿದೆ. ಆಕೆ ಅದೇನನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಕಟ್ಟೆ ಒಡೆದುಹೋಗಿತ್ತು.

"ರೀ, ನಾನು ಎಲ್ಲಾನೂ ಉಜ್ಜಿಬಿಟ್ಟೆ. ಆ ಮೋಟಾರಲ್ಲಿ. ಬೆಲೆ ಹೋಯ್ತಂತೆ. ನಿಮಗೆ ಹೇಗೆ ಹೇಳ್ಲಿ ಅಂತ ವಾರದಿಂದ ಸಾಯ್ತಿದೀನಿ" ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡರು.

ಡಾಕ್ಟರು ಆಕೆಯ ಮುಖದ ಮೇಲಿನ ಸೆರಗು ಸರಿಸಿದರು.

"ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ದಿದ್ದು ಇದಕ್ಕಾ?"

ಆಕೆ ಹೌದೆಂದು ತಲೆಯಾಡಿಸಿದರು.

"ಊಟ ಬಿಟ್ಟಿದ್ದು? ನಾನು ಬಂದ ತಕ್ಷಣ ಫೋನ್ ಇಡ್ತಿದ್ದಿದ್ದು?"

"ಅಕ್ಕನ ಹತ್ರ ಹೇಳ್ಕೋತಿದ್ದೆ."

"ಹಾಗಾದ್ರೆ ಅವನು ಫೋನಲ್ಲಿ ಏನೂ ಇಲ್ಲ ಅಂದಿದ್ದು ನಿಜಾನಾ?"

"ಅಯ್ಯೋ, ನಿಜಾನೇ ಮತ್ತೆ. ಅಂಥದ್ದರಲ್ಲಿ ಸುಳ್ಳು ಹೇಳ್ತೀನಾ?"

ಡಾಕ್ಟರು ಕೈಗೆ ಸಿಕ್ಕಿದ್ದನ್ನು ಹಿಡಿದು ಕೂತರು. ಅದು ರೋಗಿಗಳ ಕುರ್ಚಿ. "ನಾನೇ ಎಷ್ಟು ಮನೆಯವರಿಗೆ ಹೇಳಿಕೊಟ್ಟಿದೀನಿ" ಎಂದರು ನನ್ನ ಕಡೆ ತಿರುಗಿ. "ರೋಗಿಗೆ ಏನೂ ಇಲ್ಲ ಅಂತಾನೇ ಹೇಳಿ, ಧೈರ್ಯವಾಗಿರ್ತಾರೆ ಅಂತ. ಇವಳು ಏನೂ ಇಲ್ಲ ಅಂದ್ಲು, ಮಾರನೇ ದಿನದಿಂದ ಅಳೋಕೆ ಶುರು ಮಾಡಿದ್ಲು. ನಾನೇನು ತಿಳ್ಕೋಬೇಕು ಮೇಡಂ? ಅವನೂ ನನ್ನ ಶಿಷ್ಯ, ಇವಳ ಜೊತೆ ಸೇರ್ಕೊಂಡಿದಾನೆ ಅಂದ್ಕೊಂಡೆ. ಕೇಳೋಕೆ ಬಾಯಿ ಬರ್ಲಿಲ್ಲ. ಇವಳ ಕೈಗೆ ನಾಲ್ಕು ಕಾಸಾದ್ರೂ ಇರ್ಲಿ ಅಂತ ನಿಮ್ಮನ್ನ ಅವಸರ ಮಾಡಿ ಕರೆಸ್ದೆ."

ಆಮೇಲೆ ಅವರು ಅತ್ತರು. ಅಳುತ್ತಲೇ ನಗು ಬಂತು, ಆ ನಗು ನಿಲ್ಲಲೇ ಇಲ್ಲ. ಆಕೆ ಸ್ಟೂಲಿನಿಂದ ಎದ್ದು ಗಂಡನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು, "ನನ್ನನ್ನ ಒಂದು ಮಾತು ಕೇಳಬಾರದಿತ್ತಾ" ಎಂದು ಬೆನ್ನಿಗೆ ಮೆಲ್ಲಗೆ ಗುದ್ದಿದರು. ನಾನು ಭೂತಗನ್ನಡಿ ಒರೆಸುತ್ತಾ ಕಿಟಕಿಯ ಕಡೆ ತಿರುಗಿದೆ. ನನ್ನ ಕಣ್ಣೂ ಮಂಜಾಗಿತ್ತು, ಅದಕ್ಕೆ ನಾಚಿಕೆಯೇನಿಲ್ಲ.

ಡಾಕ್ಟರು ಕಣ್ಣೊರೆಸಿಕೊಂಡು ಕೇಳಿದರು: "ಎಷ್ಟು ಹೋಯ್ತು ಮೇಡಂ?"

"ದಪ್ಪ ನಾಣ್ಯ ಒಂದು ಉಳಿದಿದೆ. ಮಿಕ್ಕಿದ್ದರಲ್ಲಿ ಮುಕ್ಕಾಲು ಪಾಲು ಹೋದ ಹಾಗೇ."

"ಅಷ್ಟೇನಾ?" ಎಂದರು. ನಷ್ಟದ ಲೆಕ್ಕ ಕೇಳಿ ಅಷ್ಟು ಸಂತೋಷಪಟ್ಟ ಇನ್ನೊಬ್ಬ ಮನುಷ್ಯನನ್ನು ನಾನು ನನ್ನ ಕಸುಬಿನಲ್ಲಿ ನೋಡಿಲ್ಲ.

ಒಂದೊಂದರ ಮುಂದೆಯೂ "ಉಜ್ಜಲಾಗಿದೆ" ಎಂದು ನಾನು ಬರೆಯುತ್ತಾ ಹೋದೆ. ಡಾಕ್ಟರು ಪಕ್ಕದಲ್ಲಿ ನಿಂತು ಹೊಳೆಯುವ ನಾಣ್ಯಗಳನ್ನು ಎತ್ತಿ ಎತ್ತಿ ನೋಡಿ, ಮೂಲೆಯಲ್ಲೂ ಕೊಳೆ ಬಿಟ್ಟಿಲ್ಲ, ಎಂಥ ಕೈಕೆಲಸ ಎಂದು ಹೆಂಡತಿಯನ್ನು ರೇಗಿಸುತ್ತಿದ್ದರು. ಆಕೆ "ಸಾಕು ಸುಮ್ನಿರಿ" ಎಂದು ಒಳಗೆ ಹೋದರು. ಅಡುಗೆಮನೆಯಿಂದ ತಟ್ಟೆ ಇಡುವ ಸದ್ದು ಕೇಳಿಸಿತು. ನನಗೂ ಸೇರಿಸಿ ಮೂರು ತಟ್ಟೆ.

ಸಹಿ ಹಾಕಿ ಕೊಟ್ಟದ್ದನ್ನು ಡಾಕ್ಟರು ಓದಿ, ಮಡಚಿ, ಒಳಗೆ ಕೇಳುವಂತೆ ಹೇಳಿದರು:

"ನೋಡೇ, ಈ ನಾಣ್ಯಗಳನ್ನ ನಂಬಿ ನಿನ್ನನ್ನ ಬಿಟ್ಟು ಹೋಗೋ ಹಾಗಿಲ್ಲ ಇನ್ನು. ನಾನೇ ಇರಬೇಕಾಗತ್ತೆ."

"ಇರಿ" ಎಂದರು ಆಕೆ ಒಳಗಿನಿಂದ. "ಮೊದಲು ಕೈ ತೊಳ್ಕೊಂಡು ಊಟಕ್ಕೆ ಬನ್ನಿ."