ಬೆಳೆಯಲು ಬಿಟ್ಟ ಜಾಗ

ಹನ್ನೆರಡು ಚಳಿಗಾಲಗಳಿಂದ ಅವಳು ಬೇರೆಯವರ ಸ್ಕೀ ಪ್ಯಾಂಟುಗಳನ್ನು ರಿಪೇರಿ ಮಾಡುತ್ತ ಬಂದಿದ್ದಳು. ಮೊಣಕಾಲು ಹರಿದದ್ದು, ಜಿಪ್ಪು ಕಿತ್ತದ್ದು, ಹಿಂಭಾಗದ ಹೊಲಿಗೆ ಉದ್ದಕ್ಕೂ ಬಿಟ್ಟುಕೊಂಡದ್ದು. ಹೊಲಿಗೆ ಯಂತ್ರದ ಮುಂದೆ ಕೂತು ಬಟ್ಟೆ ತಿರುಗಿಸಿ ನೋಡಿದರೆ ಸಾಕು, ಅದನ್ನು ತೊಟ್ಟವರು ಮುಗ್ಗರಿಸಿದರೋ, ಕುಕ್ಕರಿಸಿ ಕೂತರೋ, ಪಕ್ಕಕ್ಕೆ ಉರುಳಿದರೋ ಎಂದು ಹೇಳಿಬಿಡುತ್ತಿದ್ದಳು. ಕಾಲಿಗೆ ಸ್ಕೀ ಹಲಗೆ ಕಟ್ಟಿ ಹಿಮದ ಇಳಿಜಾರಿನ ಮೇಲೆ ಒಂದು ಹೆಜ್ಜೆಯನ್ನೂ ಇಡದೆ, ಅಲ್ಲಿ ಬೀಳುವ ಬಗೆಗಳೆಲ್ಲ ಅವಳಿಗೆ ಬಾಯಿಪಾಠವಾಗಿದ್ದವು. ಈ ಸಲ ತಾನೂ ಬೀಳಬೇಕು ಎಂದು ತೀರ್ಮಾನಿಸಿಬಿಟ್ಟಿದ್ದಳು.

ಗಂಡ ಬಸ್ ಓಡಿಸುತ್ತಿದ್ದ. ಅವನಿಗೆ ಒಟ್ಟಿಗೆ ನಾಲ್ಕು ದಿನ ರಜೆ ಮಂಜೂರಾದ ಸಂಜೆಯೇ ಅವಳು ಗೋಡೆಯ ಕ್ಯಾಲೆಂಡರಿನಲ್ಲಿ ಆ ನಾಲ್ಕು ದಿನಗಳ ಸುತ್ತ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಿಂದ ಗೆರೆ ಎಳೆದಳು. ಮಕ್ಕಳು ಇಬ್ಬರು. ಹುಡುಗನಿಗೆ ಎಂಟು ವರ್ಷ. ಯಾರು ಏನೇ ಹೇಳಿದರೂ ಅದರಲ್ಲೊಂದು ತಕರಾರು ತೆಗೆಯುವುದರಿಂದ ಮನೆಯಲ್ಲಿ ಅವನಿಗೆ ‘ವಕೀಲರು’ ಎಂದೇ ಹೆಸರು. ಚಿಕ್ಕವಳಿಗೆ ನಾಲ್ಕೂವರೆ. ಅಮ್ಮ ಅಡುಗೆಮನೆಗೆ ಹೋದರೆ ಅಡುಗೆಮನೆ, ಬಚ್ಚಲಿಗೆ ಹೋದರೆ ಬಚ್ಚಲ ಬಾಗಿಲು. ಅವಳು ‘ಅಂಟು’.

ಸ್ಕೀ ಶಾಲೆಯಿಂದ ಬಂದ ಕಾಗದವನ್ನು ವಕೀಲರು ಊಟದ ಮೇಜಿನ ಬಳಿ ನಿಂತು ಗಂಟಲು ಸರಿಮಾಡಿಕೊಂಡು ಓದಿದರು.

“‘ಐದು ವರ್ಷದೊಳಗಿನ ಮಕ್ಕಳು ಬೂಟನ್ನು ತಾವೇ ಹಾಕಿಕೊಂಡು ಇಪ್ಪತ್ತು ಹೆಜ್ಜೆ ನಡೆಯಬೇಕು. ಬಕಲ್ ಮಾತ್ರ ಶಿಕ್ಷಕರು ಬಿಗಿಯುತ್ತಾರೆ. ಇದು ಸಾಧ್ಯವಾಗದ ಮಕ್ಕಳ ಜೊತೆ ಮನೆಯವರೊಬ್ಬರು ತರಗತಿ ಮುಗಿಯುವ ತನಕ ಇರತಕ್ಕದ್ದು.’ ಅಮ್ಮಾ, ಅಂಟು ಫೇಲಾದ್ರೆ ನೀನೂ ಫೇಲು.”

“ನಾನ್ಯಾಕೋ ಫೇಲಾಗ್ಲಿ?”

“ಅವಳ ಜೊತೆ ಇರೋಳು ನೀನೇ ತಾನೆ?”

ಗಂಡ ತಟ್ಟೆಯಿಂದ ತಲೆ ಎತ್ತದೆ, “ಅಮ್ಮ ಇರ್ತಾಳೆ ಬಿಡೋ, ಅದಕ್ಕೇನೀಗ,” ಎಂದ. ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನೀರು ಇಳಿಜಾರಿಗೆ ಹರಿದಷ್ಟು ಸಹಜವಾಗಿ ಬಾಯಿಂದ ಬಂತು. ಹುಡುಗನಾಗಿದ್ದಾಗ ಎರಡು ಸಲ ಸ್ಕೀ ಮಾಡಿದ್ದವನು ಅವನು. ವಕೀಲರಿಗೆ ತಾನೇ ಕಲಿಸಬೇಕೆಂದು ಆಗಲೇ ಕನಸು ಕಾಣುತ್ತಿದ್ದ. “ಹೆಂಗಿದ್ರೂ ಒಳಗಡೆ ಬೆಂಚಿರುತ್ತೆ ಕಣೇ. ಬೆಚ್ಚಗೆ ಕೂತ್ಕೋಬಹುದು.”

“ಹನ್ನೆರಡು ವರ್ಷ ಕೂತೇ ಕೆಲಸ ಮಾಡಿದ್ದೀನಿ ರೀ. ಕೂರೋಕೆ ಅಷ್ಟು ದೂರ ಹೋಗ್ಬೇಕಾ?”

ಅವನು ನಕ್ಕ. ಅವಳು ನಗಲಿಲ್ಲ. ಎದ್ದು ಅಳತೆ ಟೇಪು ತಂದಳು.

ಬೂಟು ಬಾಡಿಗೆಗೆ ಕೊಡುವ ಅಂಗಡಿ ಊರಿನ ಇನ್ನೊಂದು ತುದಿಯಲ್ಲಿತ್ತು. ಫಾರಂನಲ್ಲಿ ಪಾದದ ಅಳತೆ, ಸ್ಕೀ ಮಾಡುವ ದಿನಗಳನ್ನು ತುಂಬಿ ಕಳಿಸಿದರೆ ಅವರು ಬೂಟು ತೆಗೆದಿಡುತ್ತಿದ್ದರು, ಅಭ್ಯಾಸಕ್ಕೆಂದು ಮೊದಲೇ ಒಯ್ಯಲೂ ಬಿಡುತ್ತಿದ್ದರು. ಅಳತೆಯ ವಿಷಯದಲ್ಲಿ ಅವಳಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಒಬ್ಬೊಬ್ಬರನ್ನಾಗಿ ಗೋಡೆಗೆ ಹಿಮ್ಮಡಿ ತಾಗಿಸಿ ನಿಲ್ಲಿಸಿದಳು. ಚಳಿ ಇರುತ್ತದಲ್ಲ ಎಂದು ದಪ್ಪ ಕಾಲುಚೀಲ ಎರಡೆರಡು ಜೊತೆ ಹಾಕಿಸಿದಳು. ಹೆಬ್ಬೆರಳ ತುದಿಗೆ ಗೆರೆ ಎಳೆದು ಅಳೆದಳು. ಬಂದ ಅಂಕಿಗೆ ಒಂದೂವರೆ ಸೆಂಟಿಮೀಟರ್ ಸೇರಿಸಿ ಬರೆದಳು. ಅದು ಯೋಚಿಸಿ ಮಾಡಿದ್ದಲ್ಲ, ಕೈಗೆ ಹತ್ತಿದ ಅಭ್ಯಾಸ. ಮಕ್ಕಳ ಬಟ್ಟೆಗೆ ಒಳಗೊಂದಿಷ್ಟು ಮಡಿಸಿ ಬಿಡದೆ ಅವಳು ಇವತ್ತಿನವರೆಗೆ ಕತ್ತರಿ ಆಡಿಸಿದ್ದೇ ಇಲ್ಲ.

ಗಂಡ ಬೂಟುಗಳನ್ನು ತಂದ ಮರುದಿನದಿಂದ ಮನೆಯ ನಡುವಿನ ಓಣಿಯಂಥ ಜಾಗದಲ್ಲಿ ತಾಲೀಮು ಶುರುವಾಯಿತು. ಬೆಳಿಗ್ಗೆ ಬ್ರೆಡ್ಡು ಸುಡುವ ಹೊತ್ತಿನಲ್ಲಿ ಒಂದು ಸಲ, ಸಂಜೆ ಒಗೆದ ಬಟ್ಟೆ ಮಡಿಸುವಾಗ ಇನ್ನೊಂದು ಸಲ. ಮೊದಲ ದಿನ ಅಂಟು ಆ ಗಟ್ಟಿ ಪ್ಲಾಸ್ಟಿಕ್ಕಿನ ಎತ್ತರದ ಬೂಟನ್ನು ನೋಡಿ, “ಅದು ನೀನು ಹಾಕು,” ಎಂದು ಕಾಲು ಚಾಚಿ ಕೂತಳು.

“ನಾನು ಹಾಕಲ್ಲ ಪುಟ್ಟಿ. ನೋಡು, ಈ ನಾಲಿಗೆ ಇದೆಯಲ್ಲ, ಅದನ್ನ ಮುಂದಕ್ಕೆ ಎಳಿ. ಬೂಟಿಗೆ ‘ಆ’ ಅನ್ನು ಅಂತ ಹೇಳು.”

“ಅದಕ್ಕೆ ಕಿವಿ ಇಲ್ಲ.”

“ನಾಲಿಗೆ ಇದೆಯಲ್ಲ.”

ಮೂರನೆಯ ದಿನ ಒಂದು ಕಾಲು ಒಳಗೆ ಹೋಯಿತು. ಏಳನೆಯ ದಿನ ಎರಡೂ. ಹನ್ನೆರಡನೆಯ ದಿನದ ಹೊತ್ತಿಗೆ ಅಂಟು ಬೂಟಿನ ಬಾಯಿಗೆ ಗುರಿಯಿಟ್ಟು ಧುಮುಕುವಷ್ಟು ಪಳಗಿದ್ದಳು. ಧಡ್, ಧಡ್ ಎಂದು ಇಪ್ಪತ್ತಲ್ಲ, ನಲವತ್ತು ಹೆಜ್ಜೆ. ವಕೀಲರು ಎಣಿಸಿ ಸಾಕ್ಷಿ ಹೇಳಿದರು. ಅಮ್ಮ ಬಟ್ಟೆ ಮಡಿಸುವ ನೆಪದಲ್ಲಿ ಮುಖ ತಿರುಗಿಸಿ ಒಬ್ಬಳೇ ನಕ್ಕಳು.

ಆ ಪ್ರತಾಪವನ್ನು ಎಲ್ಲರಿಗೂ ತೋರಿಸಬೇಕೆಂದು ಅಂಟು ಹಟ ಹಿಡಿದಳು. ಸೋಮವಾರ ಶಾಲೆ ಬಿಟ್ಟ ಮೇಲೆ ಬೂಟಿನ ಸಮೇತ ಅಮ್ಮ ಕೆಲಸ ಮಾಡುವ ಹೊಲಿಗೆ ಅಂಗಡಿಗೆ ಬಂದಳು. ಅಲ್ಲಿ ಹಿಂದಿನ ಕೋಣೆಯಲ್ಲಿ ಇಸ್ತ್ರಿ ಮಾಡುವ ಮುದುಕ ಒಬ್ಬರಿದ್ದರು. ಮಕ್ಕಳಿಗೆ ಇಸ್ತ್ರಿ ಅಜ್ಜ. ಪ್ರಾಯದಲ್ಲಿ ಹತ್ತು ವರ್ಷ ಸ್ಕೀ ಗುಡ್ಡವೊಂದರಲ್ಲಿ ಜನರನ್ನು ತಂತಿಯ ಮೇಲೆ ಗುಡ್ಡದ ತುದಿಗೆ ಸಾಗುವ ತೂಗುಕುರ್ಚಿಗೆ ಹತ್ತಿಸಿ ಇಳಿಸುವ ಕೆಲಸದಲ್ಲಿದ್ದವರು. ಅಂಟು ಅವರೆದುರು ಬೂಟಿಗೆ ಧುಮುಕಿದಳು. ಅಜ್ಜ ಚಪ್ಪಾಳೆ ತಟ್ಟಲಿಲ್ಲ. ಇಸ್ತ್ರಿಪೆಟ್ಟಿಗೆ ನಿಲ್ಲಿಸಿಟ್ಟು, ನೆಲಕ್ಕೆ ಕೂತು, ಮಗುವಿನ ಹಿಮ್ಮಡಿಯ ಹಿಂದೆ ಬೆರಳು ಇಳಿಸಿದರು. ಒಂದಲ್ಲ, ಎರಡು ಬೆರಳು ಆರಾಮಾಗಿ ಇಳಿದವು.

“ಇದೇನಮ್ಮಾ, ಬೂಟೋ ಬಕೆಟ್ಟೋ?”

“ಸ್ವಲ್ಪ ಬಿಟ್ಟಿದ್ದೀನಿ, ಅಣ್ಣ.”

“ಏನು ಬಿಡೋದು! ಕಾಲು ಬೂಟಿಗೆ ಹೇಳ್ಬೇಕು, ಬೂಟು ಸ್ಕೀಗೆ ಹೇಳ್ಬೇಕು. ಇಲ್ಲಿ ಮಧ್ಯದಲ್ಲೇ ಮಾತು ಕಳೆದುಹೋಗುತ್ತೆ. ಮಗು ಕಾಲು ಒಂದು ಕಡೆ, ಸ್ಕೀ ಒಂದು ಕಡೆ. ಮೊಣಕಾಲು ತಿರುಚಿಕೊಂಡು ಅಳ್ತಾ ಕೂತ ಮಕ್ಕಳನ್ನ ನಾನು ಬೇಕಾದಷ್ಟು ನೋಡಿದ್ದೀನಿ.”

“ಒಳಗೆ ದಪ್ಪ ಬಟ್ಟೆ ಪಟ್ಟಿ ಹೊಲಿದು ಕೂರಿಸಿದ್ರೆ?”

“ತಾಯಿ, ನಿನ್ನ ಕೈಲಿ ಆಗದ್ದು ಕಮ್ಮಿ. ಇದು ಆ ಕಮ್ಮಿಯೊಳಗಿಂದು.”

ಉಳಿದ ಸಂಜೆಯೆಲ್ಲ ಅವಳು ಒಂದು ಕೋಟಿನ ತೋಳನ್ನು ಎರಡು ಸಲ ಹೊಲಿದು ಎರಡು ಸಲ ಬಿಚ್ಚಿದಳು. ತನ್ನ ಟೇಪು ತಪ್ಪಿದ್ದು ಒಂದು ಸಂಕಟ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಹನ್ನೆರಡು ದಿನಗಳ ಗೆಲುವೆಲ್ಲ ಆ ಸಡಿಲಿನದು. ಸರಿಯಾದ ಬೂಟು ತಂದರೆ ಅಂಟುವಿನ ಕಾಲು ಒಳಗೆ ಹೋಗದು. ಹೋಗದಿದ್ದರೆ ಬೆಂಚು ತನಗೆ. ಇದೇ ಬೂಟಿನಲ್ಲಿ ಅಂಟು ಪರೀಕ್ಷೆ ಪಾಸಾಗುವುದು ಖಂಡಿತ. ಬಕಲ್ ಬಿಗಿಯುವ ಶಿಕ್ಷಕರು ಹಿಮ್ಮಡಿಗೆ ಬೆರಳು ಇಳಿಸಿ ನೋಡಲಿಕ್ಕಿಲ್ಲ. ನೋಡಲಿಕ್ಕಿಲ್ಲ ಎಂಬ ಮಾತು ತಲೆಯೊಳಗೆ ಎರಡನೆಯ ಸಲ ಸುಳಿದಾಗ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ದಾರ ಕಡಿದು ಎದ್ದಳು.

ಮರುದಿನ ಕೆಲಸಕ್ಕೆ ಮುಂಚೆ, ನಾಲ್ಕು ಜೊತೆ ಬೂಟುಗಳನ್ನು ಎರಡು ಚೀಲಗಳಲ್ಲಿ ಹೊತ್ತು, ಅಂಟುವನ್ನು ಕೈಹಿಡಿದು, ಬಾಡಿಗೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಳು. ಅಂಗಡಿಯ ಹೆಂಗಸು ಅಂಟುವಿನ ಪಾದವನ್ನು ತೆಳುವಾದ ಒಂದೇ ಕಾಲುಚೀಲದಲ್ಲಿ ಅಳೆದು, ಫಾರಂ ನೋಡಿ, ಹುಬ್ಬೇರಿಸಿದಳು.

“ಎಷ್ಟು ಸೇರಿಸಿ ಬರೆದಿದ್ರಿ?”

“ಒಂದೂವರೆ ಸೆಂಟಿಮೀಟರ್.”

“ಯಾಕೆ?”

“ಬೆಳೆಯೋಕೆ.”

“ನಾಲ್ಕು ದಿನದಲ್ಲಾ?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಅಂಟು ಮಾತ್ರ ನಗಲಿಲ್ಲ. ಅಂಗಡಿಯವಳು ನಾಲ್ಕು ಜೊತೆಯನ್ನೂ ಬದಲಿಸಿಕೊಟ್ಟಿದ್ದಳು, ಹೊಸ ಬೂಟು ಅಂಟುವಿನ ಕಾಲನ್ನು ಅರ್ಧದಲ್ಲೇ ಹಿಡಿದು ನಿಲ್ಲಿಸಿತ್ತು. “ಇದು ಕಚ್ಚುತ್ತೆ! ನಂಗೆ ನನ್ನ ಬೂಟೇ ಬೇಕು!” ಅಂಗಡಿಯಲ್ಲಿ ಅತ್ತಳು, ದಾರಿಯಲ್ಲಿ ಅತ್ತಳು, ಅಳು ಮರೆತುಹೋದಾಗ ನೆನಪಿಸಿಕೊಂಡು ಮತ್ತೆ ಅತ್ತಳು.

ಯಾರು ಯಾವ ತರಗತಿ ಎಂದು ತುಂಬಿದ ಫಾರಂ ಸ್ಕೀ ಶಾಲೆಗೆ ಶನಿವಾರ ಮಧ್ಯಾಹ್ನದೊಳಗೆ ತಲುಪಬೇಕಿತ್ತು. ಕೈಯಲ್ಲಿ ಉಳಿದದ್ದು ಐದು ದಿನ.

ಅವಳು ಮೊದಲಿನಿಂದ ಶುರುಮಾಡಿದಳು. ನಾಲಿಗೆ ಮುಂದಕ್ಕೆ. ಬೆರಳು ಒಳಕ್ಕೆ. ಎದ್ದು ನಿಲ್ಲು. ಹಿಮ್ಮಡಿ ಕುಟ್ಟು. ಮಂಗಳವಾರ ಪಾದ ಅರ್ಧಕ್ಕೆ ನಿಂತಿತು. ಬುಧವಾರ ಅಂಟು ಬೂಟನ್ನು ಸೋಫಾದ ಕೆಳಗೆ ಬಚ್ಚಿಟ್ಟು, “ಕಳ್ಳ ಬಂದಿದ್ದ,” ಎಂದಳು. ಗುರುವಾರ ಇಸ್ತ್ರಿ ಅಜ್ಜ, “ಬೂಟು ತಣ್ಣಗಿದ್ರೆ ಕಲ್ಲಾಗಿರುತ್ತೆ. ಹೀಟರ್ ಹತ್ತಿರ ಸ್ವಲ್ಪ ಹೊತ್ತು ಇಡಮ್ಮ, ಅಂಟಿಸಿ ಇಡಬೇಡ,” ಎಂದು ಹೇಳಿಕೊಟ್ಟರು. ಬೆಚ್ಚಗಾದ ಬೂಟು ಸ್ವಲ್ಪ ಸಡಿಲಿತು. ಅಮ್ಮನ ಕೈಗಳು ತಾವಾಗಿಯೇ ಮುಂದಕ್ಕೆ ಹೋಗುತ್ತಿದ್ದವು. ಒಂದು ಎಳೆತಕ್ಕೆ ಮುಗಿದುಹೋಗುವ ಕೆಲಸ. ಅವಳು ಕೈಗಳನ್ನು ತೊಡೆಯ ಕೆಳಗೆ ಇಟ್ಟು ಕೂತಳು. ಶುಕ್ರವಾರ ಸಂಜೆ ಎಡಗಾಲು ಒಳಗೆ ಇಳಿಯಿತು. ಬಲಗಾಲು ಜಪ್ಪಯ್ಯ ಅಂದರೂ ಇಳಿಯಲಿಲ್ಲ.

ಶನಿವಾರ ಹತ್ತು ಗಂಟೆಗೆ ಗಂಡ ಫಾರಂ ಹಿಡಿದು ಮೇಜಿಗೆ ಬಂದ. ಓಣಿಯಲ್ಲಿ ಅಂಟು ಒಂದು ಬೂಟಿನ ಕಾಲಲ್ಲಿ ಕುಂಟುತ್ತ ಇನ್ನೊಂದನ್ನು ಬೈಯುತ್ತಿದ್ದಳು.

“ಒಂದು ಕಾಲಿಗೆ ಅರ್ಧ ಪಾಸು ಅಂತ ಕೊಡ್ತಾರಾ?” ಎಂದರು ವಕೀಲರು.

ಗಂಡ ಮೆಲ್ಲಗೆ ಹೇಳಿದ: “ಐದು ದಿನದಿಂದ ನೋಡ್ತಿದ್ದೀನಿ ಕಣೇ. ನೀನು ಪಟ್ಟ ಪಾಡು ಸಾಕು. ಈ ವರ್ಷ ಅವಳ ಜೊತೆ ಇದ್ದುಬಿಡು. ಮುಂದಿನ ವರ್ಷ ಅವಳಿಗೆ ಐದಾಗಿರುತ್ತೆ, ಆಗ ನೀನು...”

“ಇಲ್ಲಿ ಕೊಡಿ ಪೆನ್ನು.”

ದೊಡ್ಡವರ ಹೊಸ ಕಲಿಕೆಯ ತರಗತಿ, ಬೆಳಿಗ್ಗೆಯದು ಎಂಬಲ್ಲಿ ಅವಳು ತನ್ನ ಹೆಸರು ಬರೆದಳು. ಹೊಲಿಗೆ ಹಾಕಿದಷ್ಟೇ ಒತ್ತೊತ್ತಾಗಿ, ನೇರವಾಗಿ. ಅಂಟುವಿನ ಹೆಸರನ್ನು ಮಕ್ಕಳ ಇಡೀ ದಿನದ ತರಗತಿಗೆ ಬರೆದಳು.

“ಅಲ್ವೇ, ಬೂಟು ಹೋಗದಿದ್ರೆ? ಯಾರಾದ್ರೂ ಇರಲೇಬೇಕಲ್ಲ?”

“ಇರ್ಬೇಕು. ಬೆಳಿಗ್ಗೆ ನೀವಿರಿ. ಮಧ್ಯಾಹ್ನ ನಾನಿರ್ತೀನಿ, ಆಗ ನೀವು ಮಗನ್ನ ಕರ್ಕೊಂಡು ಜಾರಿ.” ‘ಜೊತೆಯಲ್ಲಿ ಇರುವವರು’ ಎಂಬ ಖಾಲಿ ಗೆರೆಯ ಮೇಲೆ ಗಂಡನ ಹೆಸರು ಬರೆದು, ಕಾಗದವನ್ನು ಅವನ ಕಡೆ ತಿರುಗಿಸಿದಳು. “ಇಲ್ಲಿ ಸಹಿ.”

ಗಂಡ ಕಾಗದವನ್ನು ಮೇಲಿನಿಂದ ಕೆಳಗಿನ ತನಕ ಓದಿದ. ಇಷ್ಟು ದಿನ ಈ ಮನೆಯಲ್ಲಿ ನಾಲ್ಕು ಜನರ ತಲೆಗೂ ಈ ಸೀದಾ ಲೆಕ್ಕ ಹೊಳೆದಿರಲಿಲ್ಲವಲ್ಲ ಎಂದು ಅವಳಿಗೂ ಬರೆಯುವಾಗಲೇ ಅನಿಸಿದ್ದು.

“ನಾಲ್ಕೂ ದಿನ ಬೆಳಿಗ್ಗೆನಾ?” ಎಂದ.

“ಬೆಂಚಿರುತ್ತೆ ಅಂದ್ರಲ್ಲ. ಬೆಚ್ಚಗೆ.”

ವಕೀಲರು ಮೇಜಿನ ಕೆಳಗೆ ಬಿದ್ದು ಬಿದ್ದು ನಕ್ಕರು. ಗಂಡ ಕಿವಿ ಕೆರೆದುಕೊಂಡು, ಸಹಿ ಹಾಕಿ, “ಮೊದಲೇ ಹೇಳಬಾರದಿತ್ತಾ ಮಹಾತಾಯಿ,” ಎಂದು ತಾನೂ ನಕ್ಕ. ಆಮೇಲೆ ಅಂಗಿಯ ತೋಳು ಮಡಚಿಕೊಂಡು ನೇರ ಓಣಿಗೆ ಹೋಗಿ ಅಂಟುವಿನ ಎದುರು ನೆಲದ ಮೇಲೆ ಚಕ್ಕಳ ಮಕ್ಕಳ ಹಾಕಿ ಕೂತ. ತನ್ನ ಬೆಳಗಿನ ಹೊತ್ತೂ ಈ ಪುಟ್ಟ ಬಲಗಾಲಿಗೆ ಗಂಟುಬಿದ್ದಿದೆ ಎಂದು ಗೊತ್ತಾದ ಮೇಲೆ ಅವನ ದನಿಯಲ್ಲಿ ಎಂದೂ ಇಲ್ಲದ ಹುರುಪಿತ್ತು.

“ಬಾ ಮಗಳೇ. ಎಲ್ಲಿ, ಆ ನಾಲಿಗೆ ಎಳಿ ನೋಡೋಣ. ಇನ್ನೂ ಎಳಿ. ಭೇಷ್! ಈಗ ನಿಂತು ಕುಟ್ಟು. ಕುಟ್ಟು ಅಂದ್ರೆ ಕುಟ್ಟಬೇಕು!”

“ಅಮ್ಮಾ!”

“ಅಮ್ಮನ್ನ ಕರೀಬೇಡ. ಅಮ್ಮ ಕೆಲಸದಲ್ಲಿದ್ದಾಳೆ.”

ನಿಜವೇ ಆಗಿತ್ತು. ಅವಳು ಕೋಣೆಯಲ್ಲಿ ಮಂಚದ ಅಂಚಿಗೆ ಕೂತು, ಇಷ್ಟು ದಿನ ಚೀಲದಿಂದ ಹೊರಗೆ ತೆಗೆಯಲೂ ಪುರುಸೊತ್ತಾಗದ ತನ್ನ ಬೂಟುಗಳನ್ನು ಮುಂದಿಟ್ಟುಕೊಂಡಿದ್ದಳು. ಸಡಿಲಿಲ್ಲದ, ಸರಿಯಾದ ಅಳತೆಯವು. ನಾಲಿಗೆಯನ್ನು ಮುಂದಕ್ಕೆ ಎಳೆದಳು, ಬೆರಳುಗಳನ್ನು ತೂರಿಸಿದಳು, ಎದ್ದು ನಿಂತಳು. ಪಾದ ಅರ್ಧಕ್ಕೆ ನಿಂತಿತು. ಓಣಿಯಿಂದ ಧಡ್ ಎಂದು ಒಂದು ಪೆಟ್ಟು ಕೇಳಿಸಿತು. ಅವಳು ಮಂಚದ ಕಂಬ ಹಿಡಿದುಕೊಂಡು, ಹಲ್ಲು ಕಚ್ಚಿ, ಅದಕ್ಕಿಂತ ಜೋರಾಗಿ ಕುಟ್ಟಿದಳು.