ಕೂಗಿಲ್ಲದ ಬೆಳಗು

ಇವತ್ತು ಯಾರೂ ಕೂಗಲಿಲ್ಲ.

ಅವಳು ಕಣ್ಣು ಮುಚ್ಚಿಕೊಂಡೇ ಕಾದಳು. ಇಷ್ಟು ಹೊತ್ತಿಗೆ ಗೋಡೆಯಾಚೆಯ ಮನೆಯಲ್ಲಿ ನಲ್ಲಿ ಭೋರ್ಗರೆಯಬೇಕಿತ್ತು, ಪಾತ್ರೆಗಳು ಒಂದರ ಮೇಲೊಂದು ಬೀಳಬೇಕಿತ್ತು, ಆಮೇಲೆ ಆ ದನಿ. ಮೊದಲು ಬೆಲ್ಲ: "ಚಿನ್ನಾ, ಏಳಮ್ಮ." ಆಮೇಲೆ ಬೆದರಿಕೆ: "ಏಳ್ತೀಯೋ, ನೀರು ತಂದು ಸುರೀಲೋ?" ಕೊನೆಗೆ ಇಡೀ ಕಟ್ಟಡಕ್ಕೆ ಕೇಳುವಂತೆ: "ಬಿದ್ಕೊಂಡಿರು ಕತ್ತೆ, ಬಸ್ಸು ನಿಮ್ಮಪ್ಪಂದಲ್ಲ!"

ಕೂಗು ಪಕ್ಕದ ಮನೆಯ ಹುಡುಗಿಗೆ. ಎದ್ದು ಕೂರುತ್ತಿದ್ದವಳು ಇವಳು.

ನಿನ್ನೆ ಸಂಜೆ ಹೋಗಿ ದೂರು ಹೇಳಿ ಬಂದಿದ್ದಳು. ಗಂಡನದೇ ಒತ್ತಾಯ. "ನೀನೇ ಹೋಗು. ಶಬ್ದ ನಿನ್ನ ಸಬ್ಜೆಕ್ಟು ತಾನೆ?" ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವುದು ಅವಳ ಕೆಲಸ. ಬರಿಗೈಯಲ್ಲಿ ಹೋಗುವುದು ಸರಿಕಾಣದೆ, ಶಬ್ದ ಅಳೆಯುವ ಮೀಟರನ್ನು ಮನೆಗೆ ತಂದು, ದಿಂಬಿನ ಪಕ್ಕ ಇಟ್ಟು ಅಳೆದಿದ್ದಳು. ಪಕ್ಕದ ಮನೆಯಾಕೆ ಒದ್ದೆ ಕೈಯಲ್ಲೇ ಬಾಗಿಲು ತೆರೆದಾಗ ಡೆಸಿಬೆಲ್ ಲೆಕ್ಕ ಒಪ್ಪಿಸಿದಳು. ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದಳು. ಆಕೆ ಮಾತ್ರ ಮೀಟರನ್ನು ನೋಡಿ, ತನ್ನದೇ ರೋಗದ ವರದಿಯೇನೋ ಎಂಬಂತೆ ಬಿಳಿಚಿಕೊಂಡಳು.

"ಅಯ್ಯೋ, ಅಷ್ಟೊಂದಾ? ಇನ್ಮೇಲೆ ಆಗಲ್ಲ, ಮೇಡಂ."

ನಿನ್ನೆಯವರೆಗೆ ಆಕೆ 'ಅಕ್ಕ' ಎನ್ನುತ್ತಿದ್ದಳು.

ಕಿಟಕಿಯಲ್ಲಿ ಬೂದು ಬೆಳಕು ಮೂಡಿತು. ಗಂಡ ಅತ್ತ ತಿರುಗಿ ಮಲಗಿದ್ದ. ಕಿವಿಗಳಲ್ಲಿ ಹಳದಿ ಸ್ಪಂಜಿನ ಬಿರಡೆಗಳು. ಅವಳೇ ಆಸ್ಪತ್ರೆಯಿಂದ ತಂದುಕೊಟ್ಟದ್ದು. "ಗಂಟೆ ಎಷ್ಟು?" ಎಂದಳು. ಕೇಳಿಸುವ ಹಾಗಿರಲಿಲ್ಲ.

ಹಾಸ್ಟೆಲಿಗೆ ಸೇರಿದ ದಿನದಿಂದ ಅವಳನ್ನು ಯಾರೂ ಎಬ್ಬಿಸಿರಲಿಲ್ಲ. ಓದುವ ಹುಡುಗಿ, ತಾನಾಗಿ ಏಳುತ್ತಾಳೆ. ಆ ಹೊಗಳಿಕೆಯನ್ನು ಸರ್ಟಿಫಿಕೇಟಿನಂತೆ ಮಡಿಕೆ ಬೀಳದ ಹಾಗೆ ಕಾಪಾಡಿಕೊಂಡು ಬಂದಿದ್ದಳು. ಈ ಮನೆಗೆ ಬಂದ ಮೇಲೆ, ಗೋಡೆಯಾಚೆ ಬೆದರಿಕೆ ಶುರುವಾದಾಗ ಕಾಲು ತಾನೇ ನೆಲಕ್ಕಿಳಿಯುತ್ತಿತ್ತು. ಕತ್ತೆ ಎನ್ನಿಸಿಕೊಳ್ಳುವ ಹೊತ್ತಿಗೆ ಮುಖ ತೊಳೆಯುತ್ತ, ಕನ್ನಡಿಯಲ್ಲಿ ನಗುತ್ತಿದ್ದಳು. ನಗುತ್ತಿದ್ದದ್ದು ಈಗ ನೆನಪಾಯಿತು. ಮೀಟರು ಅದನ್ನು ಅಳೆದಿರಲಿಲ್ಲ.

ಕೆಲಸಕ್ಕೆ ತಡವಾಗಿ ಹೋದಳು.

ಸದ್ದು ನುಸುಳದ ಪುಟ್ಟ ಕೋಣೆಯಲ್ಲಿ ಮುದುಕರೊಬ್ಬರನ್ನು ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಕೈಗೆ ಗುಂಡಿ ಕೊಟ್ಟಳು. ಸದ್ದು ಕೇಳಿದಾಗ ಹೆಬ್ಬೆರಳಿನಿಂದ ಒತ್ತಬೇಕು. ಒತ್ತಿದರೆ ಗಾಜಿನ ಈಚೆ, ಅವಳ ಮುಂದೆ, ಸಣ್ಣ ದೀಪ ಹತ್ತುತ್ತದೆ. ಅವಳು ಇನ್ನೂ ಯಾವ ಸದ್ದನ್ನೂ ಕೊಟ್ಟಿರಲಿಲ್ಲ. ದೀಪ ಹತ್ತಿತು. ಆರಿತು. ಮತ್ತೆ ಹತ್ತಿತು.

ಬಾಗಿಲು ತೆರೆದಳು. "ತಾತ, ಕೇಳಿಸಿದಾಗ ಮಾತ್ರ ಒತ್ತಬೇಕು."

"ಕೇಳಿಸ್ತಲ್ಲಮ್ಮ."

"ನಾನು ಏನೂ ಕೊಟ್ಟೇ ಇಲ್ಲ."

"ಹೌದಾ? ಕಾಯ್ತಾ ಕೂತಿದ್ನಲ್ಲ, ಬಂದ ಹಾಗಾಯ್ತು."

ಹೊರಗೆ ನಿಂತಿದ್ದ ತಾತನ ಸೊಸೆ ಬಾಯಿಗೆ ಸೆರಗು ಹಿಡಿದಳು. "ನೋಡಿ ಮೇಡಂ, ಮನೇಲಿ ನಾವು ಕೂಗಿದ್ರೆ ಕೇಳಲ್ಲ. ಇಲ್ಲಿ ಕೂಗದೇನೇ ಕೇಳುತ್ತೆ!"

ಮೂವರೂ ನಕ್ಕರು. ಅವಳು ಸ್ವಲ್ಪ ಬೇಗನೆ ನಗು ನಿಲ್ಲಿಸಿದಳು.

ಸಂಜೆ ಮೆಟ್ಟಿಲಲ್ಲಿ ಪಕ್ಕದ ಮನೆಯಾಕೆ ಸಿಕ್ಕಳು, ಎರಡೂ ಕೈಯಲ್ಲಿ ತರಕಾರಿ ಚೀಲ.

"ಇವತ್ತು ಸದ್ದು ಬಂತಾ ಮೇಡಂ?"

"ಇಲ್ಲ."

"ಸದ್ಯ. ಮಗಳು ಫೋನನ್ನ ದಿಂಬಿನಡಿ ಇಟ್ಕೊಂಡು ಮಲಗಿದ್ಲು. ಗುರ್ ಅಂತ ನಡುಗುತ್ತೆ, ಎದ್ದುಬಿಡ್ತಾಳೆ. ಅಮ್ಮನ ಬಾಯಿಗಿಂತ ಅದೇ ವಾಸಿ ಅಂತೆ."

"ಒಳ್ಳೇದಾಯ್ತು."

"ಒಳ್ಳೇದೇ. ನಾನೇ ಬೆಪ್ಪುತಕ್ಕಡಿ ಥರ ಒಲೆ ಮುಂದೆ ಬಾಯಿ ತೆರೆದು ನಿಂತಿದ್ದೆ, ಕೂಗೋಕೆ ಅಂತ." ಆಕೆ ಚೀಲಗಳನ್ನು ಕೆಳಗಿಟ್ಟು ಬೀಗದ ಕೈ ಹುಡುಕಿದಳು. "ನಿಮಗೆ ಇನ್ಮೇಲೆ ನಿದ್ದೆ ಚೆನ್ನಾಗಿ ಬರುತ್ತಲ್ಲ?"

'ಕೂಗಿ' ಎಂದರೆ ಸಾಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಏನೆಂದು ಕೇಳುವುದು? ನಲವತ್ತು ದಾಟಿದವಳು, 'ನನ್ನನ್ನು ಕತ್ತೆ ಅನ್ನಿ' ಎಂದೇ?

"ಬರುತ್ತೆ" ಎಂದಳು.

"ಬರ್ತೀನಿ ಮೇಡಂ."

ಆಕೆ ಬಾಗಿಲನ್ನು ಎಷ್ಟು ಮೆತ್ತಗೆ ಹಾಕಿಕೊಂಡಳೆಂದರೆ, ಮುಚ್ಚಿದ್ದು ಯಾವಾಗ ಎಂದೇ ತಿಳಿಯಲಿಲ್ಲ.

ಮರುದಿನ ಬೆಳಕು ಹರಿಯುವ ಮೊದಲೇ ಅವಳಿಗೆ ಎಚ್ಚರವಾಯಿತು. ಗೋಡೆಯಾಚೆ ದುಂಬಿಯೊಂದು ಸಿಕ್ಕಿಬಿದ್ದಂತೆ ಏನೋ ಗುರುಗುಟ್ಟಿ ನಿಂತಿತು. ಬರಿಗಾಲ ಹೆಜ್ಜೆಗಳು. ನಲ್ಲಿಯ ತೆಳು ಎಳೆ, ಅದೂ ನಿಂತಿತು. ಪಕ್ಕದ ಮನೆಯ ಹುಡುಗಿ ತಾನಾಗಿ ಎದ್ದಿದ್ದಳು.

ಅವಳು ಏಳಲಿಲ್ಲ. ಪಕ್ಕದಲ್ಲಿ ಹಳದಿ ಬಿರಡೆಯ ಕಿವಿ. ಉಸಿರು ಬಿಗಿಹಿಡಿದು, ಗೋಡೆಯತ್ತ ತಿರುಗಿ ಕಾದಳು. ಚಿನ್ನಾ, ಏಳಮ್ಮ.

ಹೊದಿಕೆಯ ಕೆಳಗೆ ಅವಳ ಹೆಬ್ಬೆರಳು ಹಾಸಿಗೆಯನ್ನು ಒತ್ತಿತು. ಬಿಟ್ಟಿತು. ಮತ್ತೆ ಒತ್ತಿತು. ಈ ಕೋಣೆಗೆ ಆಸ್ಪತ್ರೆಯ ಆ ಗಾಜಿರಲಿಲ್ಲ; ಆಚೆ ಕೂತು ದೀಪ ನೋಡುವವರೂ ಇರಲಿಲ್ಲ.