ಕೊಬ್ಬು ಬೇಯುವ ಜ್ವರ

ಲಾಂಡ್ರಿಯಲ್ಲಿ ಅವಳಿಗೆ ಡ್ರಮ್ಮು ಎಂದು ಹೆಸರು. ಇಟ್ಟವನು ಗಂಡನ ಅಣ್ಣ, ಅಲ್ಲಿನ ಯಜಮಾನ. ಅವನದು ಕಡ್ಡಿಯಂಥ ಮೈ. ಬೆಳಿಗ್ಗೆ ಎದ್ದು ಓಡಿ ಬಂದು, ಹೊಟ್ಟೆ ಬೆನ್ನಿಗಂಟಿರುವುದನ್ನು ಕೆಲಸದವರಿಗೆಲ್ಲ ತೋರಿಸುತ್ತಿದ್ದ.

ಲಸಿಕೆ ಹಾಕಿಸಿಕೊಂಡ ಮರುದಿನ ಅವಳಿಗೆ ಜ್ವರ ಏರಿತು. ಕೀಲುಕೀಲೆಲ್ಲ ನೋವು.

"ಭಾವ, ಮೈ ಕಾದುಹೋಗಿದೆ. ಇವತ್ತೊಂದಿನ ಮಲ್ಕೋತೀನಿ."

"ಅದು ಲಸಿಕೆ ಜ್ವರ ಅಲ್ಲಮ್ಮ, ನಿನ್ನ ಕೊಬ್ಬು ಬೇಯ್ತಿರೋದು. ಹೋಗಿ ಇಸ್ತ್ರಿಗೆ ನಿಂತ್ಕೋ, ಕರಗುತ್ತೆ."

ಎಲ್ಲರೂ ನಕ್ಕರು. ದಿಂಬಿನ ಚೀಲ ಮಡಿಸುತ್ತಿದ್ದ ಗಂಡನೂ ತಲೆ ತಗ್ಗಿಸಿಕೊಂಡೇ ನಕ್ಕ. ಅಷ್ಟು ಜನರ ನಡುವೆ ಅವನ ನಗೆಯೇ ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

ಆವಿ ಉಗುಳುವ ಇಸ್ತ್ರಿ ಯಂತ್ರದ ಮುಂದೆ ಅವಳು ನಡುಗುತ್ತ ನಿಂತಳು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಕತ್ತಲಿಟ್ಟು, ಮುಂಗೈ ಕಾದ ತಗಡಿಗೆ ತಾಗಿತು. ಅವಳು ಚೀರಿದ್ದು ಕೇಳಿ ಭಾವ ಓಡಿ ಬಂದ. ಮೊದಲು ನೋಡಿದ್ದು ಹಾಸಿಗೆಯ ಬಿಳಿ ಬಟ್ಟೆಯನ್ನು. "ಸದ್ಯ, ಕಲೆ ಆಗಿಲ್ಲ" ಎಂದ.

ಗಾಯಕ್ಕೆ ಪಟ್ಟಿ ಕಟ್ಟಿದ ಡಾಕ್ಟರಮ್ಮನನ್ನು ಅವಳು ಕೇಳಿದಳು, "ದಪ್ಪ ಇರೋದಕ್ಕೇ ನಂಗೆ ಜ್ವರ ಬಂತಾ?"

"ಯಾರಮ್ಮ ಹೇಳಿದ್ದು? ತೂಕ ಒಂದನ್ನೇ ನೋಡಿ ಇವರಿಗೆ ಬರುತ್ತೆ, ಅವರಿಗೆ ಬರಲ್ಲ ಅನ್ನೋಕಾಗಲ್ಲ. ದಪ್ಪಗಿರೋರು ಏನೂ ಆಗದೆ ಓಡಾಡಿದ್ದಾರೆ, ಸಣಕಲರು ಹಾಸಿಗೆ ಹಿಡಿದಿದ್ದಾರೆ. ದಪ್ಪ ತೋಳಿಗೆ ಸ್ವಲ್ಪ ಉದ್ದದ ಸೂಜಿ ಬೇಕಾಗಬಹುದು, ಅಷ್ಟೇ."

ಈ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ. ಪಕ್ಕದ ಬೀದಿಯಲ್ಲಿ ಮುಚ್ಚಿದ್ದ, ಒಗೆದು ಇಸ್ತ್ರಿ ಮಾಡುವ ಅಂಗಡಿಯೊಂದನ್ನು ಸದ್ದಿಲ್ಲದೆ ಬಾಡಿಗೆಗೆ ಹಿಡಿದಳು. ಭಾವ ಇನ್ನೂ ಲಸಿಕೆ ಹಾಕಿಸಿಕೊಂಡಿರಲಿಲ್ಲ, ಸೂಜಿಗೆ ಹೆದರಿ ದಿನ ತಳ್ಳುತ್ತಿದ್ದ. ದೊಡ್ಡ ಹೋಟೆಲಿನ ಬಟ್ಟೆ ಬರುವ ವಾರ, ಎಲ್ಲರೆದುರು ಅವಳೇ ಮಾತು ತೆಗೆದಳು.

"ನಿಮಗೇನು ಭಾವ, ಕೊಬ್ಬಿಲ್ಲದ ಮೈ. ಇವತ್ತು ಚುಚ್ಚಿಸ್ಕೊಂಡು ನಾಳೆ ಹೋಟೆಲ್ ಕೆಲಸಕ್ಕೆ ನಿಂತ್ಕೋಬಹುದು."

ಕೆಲಸದವರು ಅವನ ಮುಖ ನೋಡಿದರು. ಅವನು ಎದೆಯುಬ್ಬಿಸಿಕೊಂಡು ಹೋಗಿ ಹಾಕಿಸಿಕೊಂಡು ಬಂದ. ಜ್ವರ ಬಂದೇ ಬರುತ್ತದೆಂದು ಅವಳಿಗೇನೂ ಗೊತ್ತಿರಲಿಲ್ಲ. ಬರಲಿ ಎಂದು ಮನಸಾರೆ ಹಾರೈಸಿದಳು.

ಬಂತು. ಮರುದಿನ ಭಾವ ಒಗೆಯದ ಬಟ್ಟೆಗಳ ರಾಶಿಯ ಮೇಲೆ ಮುದುಡಿ ಬಿದ್ದಿದ್ದ. ಹಲ್ಲು ಕಟಕಟ ಎನ್ನುತ್ತಿತ್ತು.

"ಹೋಟೆಲ್ ಬಟ್ಟೆ ಈಗ ಬರುತ್ತೆ, ನೀನು ನಿಂತ್ರೆ ಸಂಜೆಯೊಳಗೆ ಮುಗಿಯುತ್ತೆ. ಕೈ ಮುಗೀತೀನಿ, ಇವತ್ತೊಂದಿನ ನೋಡ್ಕೋ."

ಅವಳು ಅವನ ಮೇಲಿದ್ದ ಹೊದಿಕೆಯನ್ನು ಮೆಲ್ಲಗೆ ಎಳೆದು ಮಡಿಸಿಟ್ಟಳು. "ಗಿರಾಕಿಗಳದ್ದು, ಕೊಳೆಯಾಗುತ್ತೆ. ಅಲ್ಲ ಭಾವ, ಕೊಬ್ಬಿಲ್ಲದ ಮೈಲಿ ಏನು ಬೇಯ್ತಿದೆ? ಜಂಬ ಇರಬೇಕು."

ಈ ಸಲ ಯಾರೂ ನಗಲಿಲ್ಲ. ಅವಳಿಗೆ ನಗುವವರೇನೂ ಬೇಕಿರಲಿಲ್ಲ. ನೀರಿನ ಚೊಂಬನ್ನು ಅವನ ಕೈಗೆಟುಕುವಂತೆ ಇಟ್ಟಳು. ಅವನು ಸಾಯಬೇಕೆಂದು ಅವಳಿಗಿರಲಿಲ್ಲ, ಬದುಕಿದ್ದು ನೋಡಬೇಕಿತ್ತು.

ಬಟ್ಟೆ ತಂದ ಹೋಟೆಲಿನ ಮೇಲ್ವಿಚಾರಕಿ ಬಾಗಿಲಲ್ಲೇ ನಿಂತು, "ಏನ್ರೀ ಇದು, ನಾಳೆಗೆ ಕೊಡ್ತೀರೋ ಇಲ್ವೋ?" ಎಂದಳು.

"ಇಲ್ಲಿ ಆಗಲ್ಲ. ಪಕ್ಕದ ಬೀದೀಲಿ ನನ್ನ ಅಂಗಡಿ ಇದೆ, ಅಲ್ಲಿಗೆ ಇಳಿಸಿ. ನಾನು ಮಾಡ್ಕೊಡ್ತೀನಿ."

ಭಾವ ಏಳಲು ನೋಡಿ ಮತ್ತೆ ಕುಸಿದ. ಗಾಡಿ ತಿರುಗಿತು. ಇಸ್ತ್ರಿಯ ಹೆಂಗಸರು ಒಬ್ಬೊಬ್ಬರಾಗಿ ಅವಳ ಹಿಂದೆ ಹೊರಟರು. ಹೋಟೆಲಿನ ಬಟ್ಟೆ ಆಮೇಲೆ ಲಾಂಡ್ರಿಯ ಬಾಗಿಲಿಗೆ ಬರಲೇ ಇಲ್ಲ.

ಗಂಡ ಹುಡುಕಿಕೊಂಡು ಬಂದ. "ಮನೆ ಮಾನ ಬೀದಿಗೆ ತಂದ್ಯಲ್ಲೇ. ನಾನೇನು ಮಾಡ್ಲಿ ಈಗ?"

"ಇಲ್ಲಿ ನಗೋ ಕೆಲಸ ಖಾಲಿ ಇಲ್ಲ" ಎಂದು ಅವಳು ಇಸ್ತ್ರಿ ಮುಂದುವರಿಸಿದಳು. ಅವನು ಲಾಂಡ್ರಿಯ ಕಡೆಗೇ ವಾಪಸು ನಡೆದ.

ವಾರ ಕಳೆದ ಮೇಲೆ ಭಾವನ ಹೆಂಡತಿಯೇ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಿದ್ದಳು.

"ಜ್ವರ ಎರಡೇ ದಿನಕ್ಕೆ ಬಿಡ್ತು, ನಾಲಿಗೆ ಬಿಡ್ತಿಲ್ಲ. ನಂಗೂ ಒಂದು ಹೆಸರಿಟ್ಟಿದ್ದಾರೆ ಈಗ. ಕೆಲಸ ಇದ್ಯೇನೆ?"

"ಇದೆ ಅಕ್ಕ. ಭಾವನಿಗೆ ಹೇಳಿ ಬಂದ್ರಾ?"

"ಹೇಳೇ ಬಂದೆ."

"ಏನಂದ್ರು?"

"ಏನೂ ಅನ್ನಲಿಲ್ಲ. ಹಾಗೇ ಕೂತ್ಬಿಟ್ರು."

ಅವಳು ಇಸ್ತ್ರಿಪೆಟ್ಟಿಗೆಯನ್ನು ಎತ್ತಿಟ್ಟು, ಅಕ್ಕನಿಗೆ ಕುರ್ಚಿ ಎಳೆದು ಕೊಟ್ಟಳು. ಎಲ್ಲಿ ಕೂತರು, ಹೇಗೆ ಕೂತರು, ಮುಖ ಹೇಗಿತ್ತು, ಎಲ್ಲವನ್ನೂ ಮೊದಲಿಂದ ಹೇಳಿಸಿದಳು.